ಹರವಿಯ ನೀರು

18 ಏಪ್ರಿಲ್ 2024, ಗುರುವಾರ
ವಿಜಯಪುರ, ತಿಕೋಟಾ ರಸ್ತೆ

ಬೆಳಗ್ಗೆ ನಾನೇ ನಿಂತು ತುಂಬಿಸಿದ ಹರವಿ, ಅಂದರೆ ಕುಡಿಯುವ ನೀರಿನ ದೊಡ್ಡ ಮಣ್ಣಿನ ಗಡಿಗೆ, ಮಧ್ಯಾಹ್ನ ಎರಡಕ್ಕೆಲ್ಲ ಬರಿದಾಗಿತ್ತು. ಮತ್ತೆ ತುಂಬಿಸಿದೆವು. ಸಂಜೆ ಐದಕ್ಕೆ ಹಣಿಕಿ ನೋಡಿದರೆ ಮತ್ತೆ ತಳ ಕಾಣುತ್ತಿತ್ತು. ಎಷ್ಟು ಖುಷಿಯಾಯಿತೆಂದರೆ, ಊಟವಾದ ಕೂಡಲೇ ಬರೆಯಲು ಕೂತಿದ್ದೇನೆ.

ನಮ್ಮದು ಮಣೂಕದ, ಅಂದರೆ ಒಣದ್ರಾಕ್ಷಿಯ ಶೆಡ್ಡು. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ರ್ಯಾಕಿನಲ್ಲಿ ಎರಡು ವಾರದ ಮೇಲೆ ಒಣಗಿಸಿದರೆ, ನಾಲ್ಕು ಕಿಲೋ ಹಣ್ಣಿಗೆ ಹೆಚ್ಚು ಕಡಿಮೆ ಒಂದು ಕಿಲೋ ಮಣೂಕ ಸಿಗುತ್ತದೆ. ತೊಟ್ಟು ಬಿಡಿಸುವ ಕೆಲಸ ಮಷೀನಿನದು. ಅದು ಬಿಟ್ಟ ಕಡ್ಡಿ ಆರಿಸುವುದು, ಹಸಿರು, ಹಳದಿ, ಕಪ್ಪು ಬೇರೆ ಮಾಡುವುದು 22 ಹೆಣ್ಣುಮಕ್ಕಳ ಕಣ್ಣು ಮತ್ತು ಬೆರಳಿನ ಕೆಲಸ. ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಯ ವ್ಯಾಪಾರಿ ಬಾಕ್ಸಿನಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದಾಗ ಕಡ್ಡಿ ಕಂಡರೆ ಅಲ್ಲೇ ರೇಟು ಇಳಿಯುತ್ತದೆ.

ಹೋದ ಸೀಸನ್ನಿನಲ್ಲಿ ಈ ಹರವಿ ಸಂಜೆಯಾದರೂ ತುಂಬಿಕೊಂಡೇ ಇರುತ್ತಿತ್ತು. 40 ಡಿಗ್ರಿ ಬಿಸಿಲು, ಮೇಲೆ ತಗಡು, ಆದರೂ ಯಾರಿಗೂ ನೀರು ಬೇಡ. ಬೋರಿನ ಉಪ್ಪುನೀರು ಸೇರುತ್ತಿಲ್ಲವೇನೋ ಅಂತ ಫಿಲ್ಟರ್ ಹಾಕಿಸಿದೆ. ಆಗಲೂ ಅಷ್ಟೇ. ಮಧ್ಯಾಹ್ನ ಇಳಿದರೆ ದಿನಾ ಇಬ್ಬರು ಮೂವರು ತಲೆನೋವು ಅಂತ ಗೋಡೆಗೆ ಒರಗುವರು. ನಾಲ್ಕರ ಮೇಲೆ ಆರಿಸಿದ ಮಾಲಿನಲ್ಲಿ ಕಡ್ಡಿ ಜಾಸ್ತಿ. ಕೆಲಸದ ಮೇಲ್ವಿಚಾರಣೆಯ ಮುಕಾದಮ ಬೈಯುತ್ತಿದ್ದ. ನಾನೂ ಬೈದಿದ್ದೇನೆ.

ಈ ಫೆಬ್ರವರಿಯಲ್ಲಿ ಒಂದು ದಿನ ಬುತ್ತಿ ಬಿಚ್ಚಿಕೊಂಡು ಅವರ ಜೊತೆಗೇ ಕೂತೆ. "ನೀರ ಯಾಕ ಕುಡಿಯೂದಿಲ್ಲ ನೀವು?" ಅಂತ ಕೇಳಿದೆ. ಎಲ್ಲರೂ ರೊಟ್ಟಿ ನೋಡುತ್ತ ಕೂತರು. ಕಡೆಗೆ ಎಲ್ಲರಿಗಿಂತ ಹಿರಿಯಾಕೆ ಹೇಳಿದಳು: "ಕುಡದ್ರ ಎಲ್ಲಿಗೆ ಹೋಗೂಣ್ರಿ ಅಕ್ಕಾರ?"

ಶೆಡ್ಡಿಗೆ ಇದ್ದದ್ದು ಒಂದೇ ಪಾಯಖಾನೆ. ಅದೂ ಗೋದಾಮಿನ ಹಿಂದೆ, ಲಾರಿ ಡ್ರೈವರುಗಳು ಕೂಡುವ ಕಟ್ಟೆಯ ಮಗ್ಗುಲಿಗೆ. ಚಿಲಕ ಮುರಿದು ಎಷ್ಟು ದಿನವಾಗಿತ್ತೋ. ರೊಟ್ಟಿ ಗಂಟಲಲ್ಲಿ ಇಳಿಯುವಷ್ಟು ನೀರು ಕುಡಿದು, ಸಂಜೆ ಆರಕ್ಕೆ ಮನೆ ಮುಟ್ಟುವ ತನಕ ತಡೆದುಕೊಳ್ಳುತ್ತಿದ್ದರು. ಇಬ್ಬರಿಗೆ ಉರಿಮೂತ್ರವಾಗಿ, ದಿನಗೂಲಿ ಕಳೆದುಕೊಂಡು, ದವಾಖಾನೆಗೂ ದುಡ್ಡು ಸುರಿದು ಮತ್ತೆ ನಮ್ಮಲ್ಲಿಗೇ ಬಂದಿದ್ದರು. ನನ್ನ ಮನೆ ಶೆಡ್ಡಿನ ಎದುರಿಗೇ ಇದೆ. ಬೇಕೆನಿಸಿದಾಗ ಎದ್ದು ಹೋಗಿ ಬರುವ ನನಗೆ ನಾಲ್ಕು ವರ್ಷ ಇದು ಕಾಣಲಿಲ್ಲ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ, ಮರೆಯಿರುವ ಶೌಚಾಲಯ ಇರಬೇಕೆಂದು ಕಾರ್ಖಾನೆ ಕಾಯ್ದೆಯ 19ನೇ ಸೆಕ್ಷನ್ 1948ರಲ್ಲೇ ಹೇಳಿತ್ತು. ಬಸವಣ್ಣನವರ ಬಾಗೇವಾಡಿ ಇರುವ ಜಿಲ್ಲೆ ನಮ್ಮದು. ಕಾಯಕದ ಮಾತು ಇಲ್ಲಿ ಕೂಸಿನ ಬಾಯಲ್ಲೂ ಬರುತ್ತದೆ. ಕಾಯಕ ಮಾಡುವವಳು ದಿನವಿಡೀ ಬಾಯಾರಿ ಕೂತದ್ದು ಹೇಗೆ ಕಣ್ಣಿಗೆ ಬೀಳದೆ ಹೋಯಿತೋ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ಹೆಣ್ಣುಮಕ್ಕಳಿಗೇ ಅಂತ ಎರಡು ಪಾಯಖಾನೆ ಕಟ್ಟಿಸಿದೆವು. ನಾನು ಟೈಲ್ಸ್ ಆರಿಸುತ್ತಿದ್ದೆ. ಅವರು ಟೈಲ್ಸಿನ ಮಾತೇ ಎತ್ತಲಿಲ್ಲ. "ಬಾಗಲಾ ಲಾರಿ ಕಡೆ ಬ್ಯಾಡ್ರಿ" ಅಂದರು. ಚೀಲ ತೂಗುಹಾಕಲು ಒಳಗೊಂದು ಮೊಳೆ, ಒಳಗಿನಿಂದ ಗಟ್ಟಿ ಚಿಲಕ, ಲೈಟು, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಕೇಳಿದರು. ಎಲ್ಲಕ್ಕಿಂತ ಅಗ್ಗದ್ದು ಮೊಳೆ. ಅದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಬೇರೆ ಮಾತುಗಳೂ ಹೊರಗೆ ಬಂದವು. ಬಂಗಾರದ ಬಣ್ಣಕ್ಕೆ ಗಂಧಕದ ಹೊಗೆ ಕೊಟ್ಟ ಕೋಣೆಯನ್ನು ಅವರು ಬರುವ ಹೊತ್ತಿಗೇ ತೆರೆಯುತ್ತಿದ್ದೆವು, ಕಣ್ಣು ಗಂಟಲು ಉರಿಯುತ್ತಿತ್ತಂತೆ. ಈಗ ನಸುಕಿನ ಐದಕ್ಕೇ ಎರಡೂ ಬಾಗಿಲು ತೆಗೆದಿಡುತ್ತೇವೆ, ಅವರು ಒಳಗೆ ಬರುವುದು ಎಂಟರ ಮೇಲೆ. ಬೆನ್ನು ನೋವಿಗೆ ಎಲ್ಲರಿಗೂ ಟೇಬಲ್ಲು ಕುರ್ಚಿ ತರಿಸಬೇಕೆಂದಿದ್ದೆ. ಆರು ಮಂದಿ ಹಿರಿಯರು ಒಲ್ಲೆ ಅಂದರು, ಕುರ್ಚಿಯಲ್ಲಿ ಕಾಲು ಜೋತುಬಿಟ್ಟರೆ ಬಾವು ಬರುತ್ತದಂತೆ. ಅವರಿಗೆ ಗೋಡೆಗೆ ಒರಗುವ ಹಲಗೆ ಮಾಡಿಸಿದೆ. ಪಗಾರ ಸಂತೆಯ ಹಿಂದಿನ ದಿನವೇ, ಚೀಟಿ ಬರೆದು, ಅವರವರ ಕೈಗೇ. 2013ರ ಕಾಯ್ದೆಯಂತೆ ಹತ್ತು ಮಂದಿ ದುಡಿಯುವಲ್ಲಿ ಇರಲೇಬೇಕಾದ, ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯನ್ನೂ ಈ ಸಲ ಮಾಡಿದ್ದೇವೆ.

ಮುಕಾದಮನ ಬಾಯಿ ಇನ್ನೂ ಪೂರ್ತಿ ಮೆತ್ತಗಾಗಿಲ್ಲ. ಎರಡು ಸಲ ಕೂಡಿಸಿಕೊಂಡು ಹೇಳಿದ್ದೇನೆ, ಮೂರನೇ ಸಲವೂ ಹೇಳುವವಳೇ. ಅವನು ಎದುರು ನಿಂತರೆ ಹುಡುಗಿಯರ ಕೈ ಈಗಲೂ ನಡುಗುತ್ತದೆ.

ಆದರೂ ನಿನ್ನೆ, ಸೇರಿ ಒಂದು ತಿಂಗಳೂ ಆಗದ ಹುಡುಗಿಯೊಬ್ಬಳು ತಾನಾಗಿ ನನ್ನ ಹತ್ತಿರ ಬಂದಳು. 15 ಕಿಲೋದ ಹಸಿರು ಬಾಕ್ಸಿಗೆ ಹಳದಿ ಬೆರೆಸಿಬಿಟ್ಟೆ ಅಂದಳು. ಇನ್ನೂ ಸೀಲ್ ಹಾಕಿರಲಿಲ್ಲ. ಇಬ್ಬರೂ ಕೂತು ಮುಕ್ಕಾಲು ತಾಸಿನಲ್ಲಿ ಬೇರೆ ಮಾಡಿದೆವು. ಹೋದ ವರ್ಷ ಇಂಥ ಎಷ್ಟು ಬಾಕ್ಸುಗಳು ಬಾಯಿ ಮುಚ್ಚಿಕೊಂಡು ತಾಸಗಾಂವ್ ಲಾರಿ ಹತ್ತಿದವೋ.

ನಾಳೆ ಇನ್ನೊಂದು ಹರವಿ ತರಬೇಕು. ಕೂಸುಗಳದ್ದೂ ಒಂದು ಉಳಿದಿದೆ. ಇಬ್ಬರು ತಾಯಂದಿರು ಸೀರೆಯ ಜೋಳಿಗೆಯನ್ನು ಮಷೀನಿನ ಮಗ್ಗುಲ ಕಂಬಕ್ಕೇ ಕಟ್ಟುತ್ತಾರೆ, ಅಲ್ಲಿ ಸದ್ದೂ ಧೂಳೂ ವಿಪರೀತ. ಬಾರದಾನ, ಅಂದರೆ ಖಾಲಿ ಚೀಲ ಬಾಕ್ಸು ಇಡುವ ಕೋಣೆ ಖಾಲಿ ಮಾಡಿಸಿದರೆ ಎರಡು ಜೋಳಿಗೆಗೆ ಜಾಗವಾಗುತ್ತದೆ, ಆದರೆ ಕೆಲಸದ ಜಾಗದಿಂದ ಅದು ಕಾಣುವುದಿಲ್ಲ. ಗೋಡೆಯಲ್ಲಿ ಕಿಟಕಿ ಯಾವ ಎತ್ತರಕ್ಕೆ ಕೊರೆಸಬೇಕು ಅಂತ ಬೆಳಗ್ಗೆ ಆ ತಾಯಂದಿರನ್ನೇ ಅಲ್ಲಿ ಕೂಡಿಸಿ ನೋಡಬೇಕು.