ನೀರು ಶುದ್ಧ ಮಾಡೋಕೆ ಅರ್ಥಶಾಸ್ತ್ರದವರು ಯಾಕೆ ಬೇಕು?

ಸುಸ್ಥಿರ ಅಭಿವೃದ್ಧಿಯ ಸಂಶೋಧನೆ ಬಗ್ಗೆ ನಾನು ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ನೀರು ಶುದ್ಧ ಮಾಡುವುದು ಎಂಜಿನಿಯರ್ ಕೆಲಸ, ರೋಗ ತಡೆಯುವುದು ವೈದ್ಯರ ಕೆಲಸ, ಬೆಳೆ ಸುಧಾರಿಸುವುದು ಕೃಷಿ ವಿಜ್ಞಾನಿಗಳ ಕೆಲಸ. ಹಾಗಿದ್ದ ಮೇಲೆ ವಿಶ್ವವಿದ್ಯಾಲಯಗಳು ಎಲ್ಲ ವಿಭಾಗದವರನ್ನೂ ಒಂದೇ ಯೋಜನೆಗೆ ಯಾಕೆ ಸೇರಿಸುತ್ತವೆ? ಅನುದಾನ ಬರುತ್ತೆ ಅಂತ ತಾನೆ?

ಕೊನೆಯ ಮಾತು ಪೂರ್ತಿ ಸುಳ್ಳೇನಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಾಂಗ್ಲಾದೇಶದ ನೀರಿನ ಕಥೆ ಹೇಳುತ್ತೇನೆ. ಈ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಅಲ್ಲಿ ಜನ ಹಿಂದೆ ಕೆರೆ, ಹೊಳೆಗಳ ನೀರನ್ನೇ ಕುಡಿಯುತ್ತಿದ್ದರು. ವಾಂತಿಭೇದಿಗೆ ಮಕ್ಕಳು ಸಾಯುತ್ತಿದ್ದರು. 1970ರ ದಶಕದಿಂದ ಯುನಿಸೆಫ್ ಮತ್ತು ಸರ್ಕಾರ ಸೇರಿ ಕೊಳವೆಬಾವಿ ತೋಡಿಸಲು ಶುರು ಮಾಡಿದವು. ನೆಲದೊಳಗಿನ ನೀರಿನಲ್ಲಿ ಕ್ರಿಮಿಗಳು ಕಡಿಮೆ, ಕೈಪಂಪು ಅಗ್ಗ, ಹಾಕುವುದೂ ಸುಲಭ. ಮುಂದೆ ಜನ ತಾವೇ ದುಡ್ಡು ಹಾಕಿ ಮನೆಮನೆಗೆ ಪಂಪು ಹಾಕಿಸಿಕೊಂಡರು. ರೋಗದ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ.

1990ರ ದಶಕದಲ್ಲಿ ಗೊತ್ತಾಯಿತು, ಆ ನೀರಿನಲ್ಲಿ ಆರ್ಸೆನಿಕ್ ಇದೆ ಅಂತ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ, ಅಂಗಾಲಿನ ಚರ್ಮ ಗಂಟು ಕಟ್ಟುತ್ತದೆ, ಮೈಮೇಲೆ ಕಲೆ ಬೀಳುತ್ತದೆ, ಮುಂದೆ ಕ್ಯಾನ್ಸರ್ ಕೂಡ ಬರಬಹುದು. ಬಾವಿ ತೋಡಿಸಿದವರು ಕ್ರಿಮಿಗಳನ್ನು ಮಾತ್ರ ಯೋಚಿಸಿದ್ದರು. ಆ ಕಾಲದಲ್ಲಿ ಕುಡಿಯುವ ನೀರಿನ ಮಾಮೂಲಿ ಪರೀಕ್ಷೆಯಲ್ಲಿ ಆರ್ಸೆನಿಕ್ ಇದೆಯಾ ಅಂತ ನೋಡುತ್ತಲೇ ಇರಲಿಲ್ಲ. ಒಂದು ವಿಭಾಗಕ್ಕೆ ಪರಿಹಾರವಾಗಿ ಕಂಡದ್ದು ಇನ್ನೊಂದು ವಿಭಾಗದವರ ಕೈಗೆ ಸಮಸ್ಯೆಯಾಗಿ ಬಂತು. ನಡುವೆ ಇಪ್ಪತ್ತು ವರ್ಷ ಕಳೆದಿತ್ತು.

ಆಮೇಲೆ ನಡೆದದ್ದೇ ನನಗೆ ಇಷ್ಟದ ಭಾಗ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಢಾಕಾ ವಿಶ್ವವಿದ್ಯಾಲಯದವರ ಜೊತೆ ಸೇರಿ ಅರೈಹಜಾರ್ ಎಂಬ ಕಡೆ ಕೆಲಸ ಶುರು ಮಾಡಿದರು. ಭೂವಿಜ್ಞಾನಿಗಳು, ರಸಾಯನಶಾಸ್ತ್ರದವರು, ಆರೋಗ್ಯ ಸಂಶೋಧಕರು, ಅರ್ಥಶಾಸ್ತ್ರದವರು ಎಲ್ಲರೂ ಇದ್ದರು. ಹಿಮಾಲಯದಿಂದ ಹರಿದು ಬಂದ ಮಣ್ಣಿನಲ್ಲಿ ಆರ್ಸೆನಿಕ್ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿರುತ್ತದೆ. ನೆಲದಡಿ ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ಆ ಕಬ್ಬಿಣವನ್ನು ಕರಗಿಸುತ್ತವೆ, ಆರ್ಸೆನಿಕ್ ನೀರಿಗೆ ಸೇರುತ್ತದೆ. ಆದರೆ ಇದು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಂದು ಬಾವಿಯಲ್ಲಿ ವಿಷ, ಕೆಲವೇ ಮೀಟರ್ ಆಚೆಯ ಇನ್ನೊಂದು ಬಾವಿಯಲ್ಲಿ ಒಳ್ಳೆಯ ನೀರು.

ಬಾವಿಯಿಂದ ಬಾವಿಗೆ ಇಷ್ಟು ವ್ಯತ್ಯಾಸ ಇದೆ ಅನ್ನುವುದು ಭೂವಿಜ್ಞಾನದ ಸಂಗತಿ. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಚೆಂದದ ನಕ್ಷೆ ಆಗುತ್ತಿತ್ತು, ಅಷ್ಟೇ. ಆದರೆ ಗುಂಪಿನಲ್ಲಿ ಅರ್ಥಶಾಸ್ತ್ರದವರೂ ಇದ್ದರು. ಹಾಗಾದರೆ ಬಹಳ ಜನರಿಗೆ ಒಳ್ಳೆಯ ಬಾವಿ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆಯಲ್ಲ? ಯಾವ ಬಾವಿ ಹೇಗಿದೆ ಅಂತ ಹೇಳಿಬಿಟ್ಟರೆ ಜನ ಬಾವಿ ಬದಲಾಯಿಸುತ್ತಾರಾ? ಬದಲಾಯಿಸಿದರು. ನಿಮ್ಮ ಬಾವಿ ಅಪಾಯದ್ದು ಅಂತ ತಿಳಿಸಿದವರಲ್ಲಿ ಸುಮಾರು 60% ಜನ ಒಂದು ವರ್ಷದೊಳಗೆ ಬೇರೆ ಬಾವಿಗೆ ಹೋದರು. ಫಿಲ್ಟರ್ ಇಲ್ಲ, ಹೊಸ ಯಂತ್ರ ಇಲ್ಲ. ಪರೀಕ್ಷೆ ಮಾಡಿ ಮನೆಯವರಿಗೆ ಫಲಿತಾಂಶ ಹೇಳಿದ್ದು ಮಾತ್ರ. ದೇಶದ ಮಟ್ಟದಲ್ಲೂ ಸುಮಾರು 50 ಲಕ್ಷ ಬಾವಿ ಪರೀಕ್ಷೆ ಮಾಡಿ, ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿದರು.

ಉಳಿದ 40% ಜನ ಯಾಕೆ ಹೋಗಲಿಲ್ಲ? ಅದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿ ಸಿಗುವುದಿಲ್ಲ. ಒಳ್ಳೆಯ ಬಾವಿ ಎಷ್ಟು ದೂರ? ಅದು ಯಾರ ಅಂಗಳದಲ್ಲಿದೆ? ನೀರು ಹೊರುವ ಹೆಂಗಸರು ಅಲ್ಲಿಗೆ ದಿನಾ ಹೋಗಿ ಬರಬಹುದಾ? ಇದನ್ನೆಲ್ಲ ಕೇಳಲು ಬೇರೆ ಥರದ ತರಬೇತಿ ಬೇಕು.

ಅದೇ ದೇಶದ ಇನ್ನೊಂದು ಕೆಲಸ ಇದಕ್ಕಿಂತ ಮಜವಾಗಿದೆ. ರೀಟಾ ಕಾಲ್ವೆಲ್ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ. ಕಾಲರಾ ಬ್ಯಾಕ್ಟೀರಿಯಾ ಕೆರೆ, ಹೊಳೆ, ಕಡಲ ನೀರಿನಲ್ಲಿ ತಾನಾಗಿಯೇ ಬದುಕಿರುತ್ತದೆ, ಕೋಪೆಪಾಡ್ ಎಂಬ ಪುಟಾಣಿ ಜೀವಿಗಳಿಗೆ ಅಂಟಿಕೊಂಡಿರುತ್ತದೆ ಅಂತ ಅವರು ಮತ್ತು ಜೊತೆಯವರು ತೋರಿಸಿದ್ದರು. ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಅಷ್ಟು ಸಣ್ಣದು. ಆದರೆ ಅದನ್ನು ಹೊತ್ತ ಕೋಪೆಪಾಡ್ ನಿಲ್ಲುತ್ತದೆ. ಹಾಗಾದರೆ ನೀರು ಸೋಸಲು ಸೀರೆ ಸಾಲದಾ?

ಸಾಲುತ್ತದೆ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರೆ ಸುಮಾರು 20 ಮೈಕ್ರಾನ್ ತೂತಿನ ಜರಡಿ ಸಿಗುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಇಲ್ಲಿ ಹೊಸದಕ್ಕಿಂತ ಹಳೆಯ ಸೀರೆಯೇ ವಾಸಿ. ಒಗೆದು ಒಗೆದು ನೂಲು ಸಡಿಲವಾಗಿ ಹರಡಿಕೊಂಡು ತೂತುಗಳು ಕಿರಿದಾಗಿರುತ್ತವೆ. ಮತ್ಲಬ್ ಎಂಬ ಕಡೆ 65 ಹಳ್ಳಿಗಳಲ್ಲಿ ಪರೀಕ್ಷೆ ನಡೆಸಿದರು. ಸೀರೆಯಲ್ಲಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ 48% ಕಡಿಮೆಯಾಯಿತು. 2003ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ನೀರು ಕುದಿಸಿ ಕುಡಿಯಿರಿ ಅನ್ನುವುದು ಸುಲಭ. ಸೌದೆ ಎಲ್ಲಿಂದ ತರಬೇಕು? ಅಲ್ಲಿನ ಹೆಂಗಸರು ಮನೆಯಲ್ಲಿ ಪಾನೀಯ ಸೋಸಲು ಮೊದಲಿನಿಂದಲೂ ಒಂದೇ ಪದರದ ಸೀರೆ ಬಳಸುತ್ತಿದ್ದರು. ಅದನ್ನೇ ಮಡಿಚಿ ಅಂದರೆ ಒಪ್ಪಿಕೊಳ್ಳುವುದು ಕಷ್ಟವಲ್ಲ. ಕಾಲ್ವೆಲ್ ತಂಡ ಐದು ವರ್ಷದ ಮೇಲೆ ಹೋಗಿ ಮತ್ತೆ ನೋಡಿತು. ಸುಮಾರು 31% ಹೆಂಗಸರು ಇನ್ನೂ ನೀರು ಸೋಸುತ್ತಿದ್ದರು, ಅವರಲ್ಲಿ 60% ಸೀರೆಯಲ್ಲೇ. ಹೀಗೆ ಮತ್ತೆ ಹೋಗಿ ನೋಡುವುದು ನನ್ನ ಲೆಕ್ಕದಲ್ಲಿ ಮೊದಲ ಪ್ರಬಂಧಕ್ಕಿಂತ ದೊಡ್ಡ ಕೆಲಸ.

ಇನ್ನು ಎಂಜಿನಿಯರ್ ಒಬ್ಬರೇ ಸಾಕು ಅನ್ನುವವರಿಗೆ ನಾನು ನೇಪಾಳದ ಕಾಲುವೆಗಳ ಕಥೆ ಹೇಳುತ್ತೇನೆ. ಇಂಡಿಯಾನಾ ವಿಶ್ವವಿದ್ಯಾಲಯದ ಎಲಿನರ್ ಆಸ್ಟ್ರಮ್ ರಾಜ್ಯಶಾಸ್ತ್ರ ಓದಿದವರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಅವರ ತಂಡ ನೇಪಾಳದ ನೀರಾವರಿಯನ್ನು ನೋಡಿತು. ಕೆಲವು ಕಡೆ ರೈತರೇ ಕಲ್ಲು, ಮರ, ಮಣ್ಣಿನಿಂದ ಒಡ್ಡು ಕಟ್ಟಿ ನಡೆಸುತ್ತಿದ್ದರು. ಕೆಲವು ಕಡೆ ಕಾಂಕ್ರೀಟಿನ ಗಟ್ಟಿ ಒಡ್ಡು. ಕೊನೆಯ ಗದ್ದೆಗೆ ನೀರು ಮುಟ್ಟುವ ವಿಷಯದಲ್ಲಿ ರೈತರದ್ದೇ ಎಷ್ಟೋ ಕಡೆ ಮೇಲಾಗಿತ್ತು.

ಕಾರಣ ಸಿಮೆಂಟಿನಲ್ಲಿ ಇರಲಿಲ್ಲ. ಮಣ್ಣಿನ ಒಡ್ಡು ಪ್ರತಿವರ್ಷ ಕೊಚ್ಚಿ ಹೋಗುತ್ತದೆ. ರಿಪೇರಿಗೆ ಬಹಳ ಜನ ಬೇಕು. ಆದ್ದರಿಂದ ಮೇಲಿನ ಗದ್ದೆಯವನಿಗೆ ಕೆಳಗಿನವನ ದುಡಿಮೆ ಬೇಕು. ದುಡಿಮೆ ಬೇಕಾದರೆ ನೀರು ಬಿಡಬೇಕು. ಕಾಂಕ್ರೀಟ್ ಬಂದ ಮೇಲೆ ರಿಪೇರಿ ಇಲ್ಲ. ಕೆಳಗಿನವನ ಹಂಗೂ ಇಲ್ಲ. ಒಡ್ಡಿನ ನಕ್ಷೆ ಬರೆದವರ ಕಣ್ಣಿಗೆ ಈ ಲೆಕ್ಕ ಬೀಳುವಂತೆಯೇ ಇರಲಿಲ್ಲ.

ಈಗ ದುಡ್ಡಿನ ಮಾತು. 2015ರಲ್ಲಿ ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಒಪ್ಪಿತು. ಅವುಗಳ ಒಳಗೆ 169 ಉಪಗುರಿಗಳಿವೆ, ಗಡುವು 2030. ಅಂದಿನಿಂದ ಅನುದಾನದ ಅರ್ಜಿಗಳಲ್ಲಿ ಆ ಗುರಿಗಳ ಗುರುತಾದ ಬಣ್ಣಬಣ್ಣದ ಚೌಕಗಳು ಕಾಣದಿರುವುದೇ ಅಪರೂಪ. ಎಷ್ಟೋ ಯೋಜನೆಗಳಲ್ಲಿ ತಂತ್ರಜ್ಞಾನ ಮೊದಲೇ ತೀರ್ಮಾನ ಆಗಿರುತ್ತದೆ. ಕೊನೆಯಲ್ಲಿ ಸಮಾಜಶಾಸ್ತ್ರದ ಒಬ್ಬರನ್ನು ಕರೆದು ಜನರನ್ನು ಒಪ್ಪಿಸಿ ಅನ್ನುತ್ತಾರೆ. ಇದನ್ನು ನಾನು ಸಹಯೋಗ ಅಂತ ಕರೆಯುವುದಿಲ್ಲ, ಮಾರ್ಕೆಟಿಂಗ್ ಅನ್ನುತ್ತೇನೆ. ಯಾವ ಯೋಜನೆ ನೋಡಿದರೂ ನಾನು ಕೇಳುವುದು ಇಷ್ಟೇ: ಬೇರೆ ವಿಭಾಗದವರು ಬಂದ ಮೇಲೆ ನಿಮ್ಮ ಪ್ರಶ್ನೆ ಏನಾದರೂ ಬದಲಾಯಿತಾ? ಬದಲಾಗಿಲ್ಲ ಅಂದರೆ ಅವರನ್ನು ಸುಮ್ನೆ ಸೇರಿಸಿಕೊಂಡಿದ್ದಾರೆ ಅಂತ ಅರ್ಥ.

ಸಂಶೋಧಕರನ್ನಷ್ಟೇ ಬೈದರೆ ಪ್ರಯೋಜನವಿಲ್ಲ. ಬಡ್ತಿ ಸಿಗುವುದು ತಮ್ಮ ವಿಭಾಗದ ಪತ್ರಿಕೆಗಳಲ್ಲಿ ಬರೆದರೆ. ಅನುದಾನ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಆರ್ಸೆನಿಕ್‌ನ ಪರಿಣಾಮ ದಶಕಗಳ ಮೇಲೆ ಕಾಣುತ್ತದೆ. ಈ ಎರಡು ಲೆಕ್ಕ ಹೊಂದುವುದೇ ಇಲ್ಲ, ಅಲ್ವಾ?

ಎಲ್ಲದಕ್ಕೂ ದೊಡ್ಡ ಗುಂಪೇ ಬೇಕು ಅಂತಲೂ ನಾನು ಹೇಳುತ್ತಿಲ್ಲ. ಸ್ಪ್ರೇ ಡಬ್ಬ, ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲ ಓಜೋನ್ ಪದರವನ್ನು ತಿನ್ನಬಹುದು ಅಂತ 1974ರಲ್ಲಿ ಹೇಳಿದವರು ಮರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್. ಇಬ್ಬರೂ ರಸಾಯನಶಾಸ್ತ್ರದವರೇ. ಆ ಅನಿಲ ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವ ಕುತೂಹಲವೇ ಅವರನ್ನು ಅಲ್ಲಿಗೆ ಒಯ್ದದ್ದು. ಆದರೆ ಅಂಥ ಅನಿಲಗಳ ಬಳಕೆ ಇಳಿಸುವ 1987ರ ಮಾಂಟ್ರಿಯಲ್ ಒಪ್ಪಂದ ಆಗಲು ವಕೀಲರು, ರಾಜತಾಂತ್ರಿಕರು, ಕಂಪನಿಗಳು ಎಲ್ಲರೂ ಬೇಕಾದರು.

ಮೊದಲು ಹೇಳಿದ ಪ್ರಶ್ನೆಯ ಬಾಲದಂತೆ ವಿದ್ಯಾರ್ಥಿಗಳದ್ದು ಇನ್ನೊಂದು ಬರುತ್ತದೆ: ಹಾಗಾದರೆ ನಾವು ಯಾವ ಕೋರ್ಸ್ ತಗೋಬೇಕು? ಒಂದು ವಿಷಯವನ್ನು ಚೆನ್ನಾಗಿ ಓದಿ. ಅರೈಹಜಾರ್‌ನಲ್ಲಿ ಬೇಕಾಗಿದ್ದದ್ದು ಆರ್ಸೆನಿಕ್ ಸರಿಯಾಗಿ ಅಳೆಯಬಲ್ಲ ರಸಾಯನಶಾಸ್ತ್ರದವರು, ಮಾಹಿತಿ ಸಿಕ್ಕವರನ್ನೂ ಸಿಗದವರನ್ನೂ ಸರಿಯಾಗಿ ಹೋಲಿಸಬಲ್ಲ ಅರ್ಥಶಾಸ್ತ್ರದವರು. ಎಲ್ಲವನ್ನೂ ಅರೆಬರೆ ತಿಳಿದವರಲ್ಲ. ಜೊತೆಗೆ ನಿಮ್ಮದಲ್ಲದ ವಿಭಾಗದ ಸೆಮಿನಾರಿಗೂ ಆಗಾಗ ಹೋಗಿ. ಮೊದಮೊದಲು ಏನೂ ತಲೆಗೆ ಹೋಗುವುದಿಲ್ಲ, ಪರವಾಗಿಲ್ಲ. ಮುಗಿದ ಮೇಲೆ ಯಾರನ್ನಾದರೂ ಹಿಡಿದು ಕೇಳಿ: ನೀವು ಇದನ್ನು ಹೇಗೆ ಅಳೆದಿರಿ, ಯಾರ ಮನೆಗೆ ಹೋಗಿ ಕೇಳಿದಿರಿ?