ಅಯೋವಾದ ಡ್ರಮ್ಮಿನೊಳಗೊಂದು ಬಲ್ಬು

ನಾವಿರುವುದು ಅಮೆರಿಕದ ಅಯೋವಾದಲ್ಲಿ. ಎತ್ತ ನೋಡಿದರೂ ಮುಸುಕಿನ ಜೋಳದ ಹೊಲ. ಮೊನ್ನೆ ಶನಿವಾರ ಒಂದು ಚಿಕ್ಕ ಊರಿನ ಹಳೇ ಸಾಮಾನಿನ ಅಂಗಡಿಗೆ ಸುಮ್ನೆ ಹೋಗಿದ್ದೆ. ಮೂಲೆಯಲ್ಲಿ ಎರಡಡಿಗಿಂತ ಅಗಲದ ಡ್ರಮ್ಮು. ಚರ್ಮದ ಮೇಲೆ ಕೆರೆ, ಪೈನ್ ಮರ, ಮೇಲೊಂದು ಚಂದ್ರ. ಕೋಲು ಬಿದ್ದು ಬಿದ್ದು ಕೆರೆಯ ನಡುವೆ ಬಣ್ಣವೇ ಇಲ್ಲ.

"ನಮ್ಮೂರ ಬ್ಯಾಂಡಿನದು, 1920ರ ದಶಕದ್ದು" ಅಂದರು ಅಂಗಡಿಯ ಅಜ್ಜ. ಆಮೇಲೆ ಹಿಂದಿದ್ದ ಸ್ವಿಚ್ ಒತ್ತಿದರು. ಒಳಗೆ ಬಲ್ಬು ಹೊತ್ತಿತು, ಚಂದ್ರ ಬೆಳಗಿತು!

ಬರೀ ಚೆಂದಕ್ಕಲ್ಲವಂತೆ. ಆಗ ಡ್ರಮ್ಮಿಗೆ ಕರುವಿನ ಚರ್ಮ. ಇಲ್ಲಿನ ಬೇಸಿಗೆಯಲ್ಲಿ ಸೆಕೆಯ ಜೊತೆ ತೇವವೂ ಜಾಸ್ತಿ. ಚರ್ಮ ತೇವ ಎಳೆದುಕೊಂಡು ಸಡಿಲವಾದರೆ ನಾದ ಸತ್ತಂತೆಯೇ. ಬಲ್ಬಿನ ಬಿಸಿಗೆ ಅದು ಒಣಗಿ ಬಿಗಿಯಾಗುತ್ತಿತ್ತು. 1957ರ ಹೊತ್ತಿಗೆ ಪ್ಲಾಸ್ಟಿಕ್ ಹೊದಿಕೆ ಮಾರುಕಟ್ಟೆಗೆ ಬಂತು, ಕಾಯಿಸುವ ಕೆಲಸ ತಪ್ಪಿತು.

ನನಗೆ ಮಂಡ್ಯದ ಕಡೆಯ ನಮ್ಮೂರ ಮಾರಿಹಬ್ಬ ಕಣ್ಣಮುಂದೆ ಬಂತು. ತಮಟೆಯವರು ಗುಡಿಯ ಪಕ್ಕ ಹುಲ್ಲು ಹೊತ್ತಿಸಿ, ತಮಟೆಯನ್ನು ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ ಕಿವಿಗೊಡುತ್ತಿದ್ದರು. ಅದು ಕಾದ ಮೇಲೇ ಹಬ್ಬ ಶುರು ಅಲ್ವಾ? ಚಿಕ್ಕವನಿದ್ದಾಗ ಹುಲ್ಲು ಹೊತ್ತು ತಂದುಕೊಡುವುದೇ ನನ್ನ ಹೆಮ್ಮೆ.

ಈ ರಾಜ್ಯಕ್ಕೆ ಬ್ಯಾಂಡ್ ಅಂದರೆ ಎಷ್ಟು ಪ್ರೀತಿ ಅಂದರೆ, 1921ರಲ್ಲಿ ಅದಕ್ಕಾಗಿಯೇ ಒಂದು ಕಾನೂನು ಮಾಡಿದರು. ಊರಿನವರು ಮತ ಹಾಕಿ ಒಪ್ಪಿದರೆ ಬ್ಯಾಂಡಿಗಾಗಿ ತೆರಿಗೆ ಎತ್ತಬಹುದಿತ್ತು. ಇದಕ್ಕಾಗಿ ಓಡಾಡಿದವರು ಜಾರ್ಜ್ ಲ್ಯಾಂಡರ್ಸ್ ಎಂಬ ಬ್ಯಾಂಡ್ ಮಾಸ್ಟರ್. ಫೋರ್ಟ್ ಡಾಡ್ಜ್ ಊರಿನ ಕಾರ್ಲ್ ಕಿಂಗ್ ಆ ಕಾನೂನಿನ ಹೆಸರಲ್ಲೇ ಒಂದು ಮಾರ್ಚ್, ಅಂದರೆ ಬ್ಯಾಂಡಿನವರು ಹೆಜ್ಜೆ ಹಾಕುತ್ತಾ ನುಡಿಸುವ ಧಾಟಿ, ಕಟ್ಟಿದರು. ಊರ ವಾದ್ಯಕ್ಕೆ ಊರೇ ದುಡ್ಡು ಕೊಡುವುದು ನಮಗೇನು ಹೊಸದಲ್ಲ. ಹಬ್ಬಕ್ಕೆ ಮನೆಮನೆಯಿಂದ ವರಿ ಎತ್ತಿ ತಮಟೆಯವರಿಗೆ ಕೊಡುತ್ತಿದ್ದುದನ್ನು ಕಂಡೇ ಬೆಳೆದವನು ನಾನು. ಆದರೂ ಅದನ್ನು ಕಾನೂನಿನ ಪುಸ್ತಕದಲ್ಲಿ ಬರೆದಿಟ್ಟರಲ್ಲ, ಅದು ನನಗೆ ಬಹಳ ಹಿಡಿಸಿತು.

ಡ್ರಮ್ಮು ಮಾರಾಟಕ್ಕಿರಲಿಲ್ಲ. ಆದರೆ ಅಜ್ಜ ಕೋಲು ಕೈಗೆ ಕೊಟ್ಟು, ಮೆಲ್ಲಗೆ ಒಂದೇಟು ಹಾಕು ಅಂದರು. ದಬ್ ಅಂದಿತು, ಒದ್ದೆ ಗೋಣಿ ಬಡಿದ ಹಾಗೆ. ಕಾಲು ಗಂಟೆ ಬಲ್ಬು ಉರಿಯಲು ಬಿಟ್ಟು ಮತ್ತೆ ಹೊಡೆದೆ. ಧಂ! ಎದೆಯೊಳಗೆ ಇಳಿಯಿತು.

ವಿಡಿಯೊ ಮಾಡಿ ಊರಿಗೆ ಕಳಿಸಿದೆ. ಅಪ್ಪ ಎರಡು ಸಲ ಕೇಳಿಸಿಕೊಂಡರಂತೆ. ಆಮೇಲೆ ಫೋನ್ ಮಾಡಿ, "ಇನ್ನೊಂಚೂರು ಕಾಯಿಸಬೇಕಿತ್ತು ಕಣೋ" ಅಂದರು.