ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಪಿಸಿ ರೀಸ್ಟಾರ್ಟ್ ಆಗ್ತದೆ, ಕಾರ್ಡ್ ಹಾಳಾ?

ಶಿರಸಿಯಿಂದ ಕಾರವಾರದ ತನಕ ಗೇಮ್ ಆಡುವ ಹುಡುಗರು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಹೊಸ ಕಾರ್ಡ್ ಹಾಕಿದೆ. ಬ್ರೌಸಿಂಗ್, ಯೂಟ್ಯೂಬ್ ಎಲ್ಲ ಆರಾಮ್. ಗೇಮ್ ಶುರು ಮಾಡಿ ಸ್ವಲ್ಪ ಹೊತ್ತಿಗೆ ಫಟ್ ಅಂತ ಸ್ಕ್ರೀನ್ ಕಪ್ಪಾಗಿ ತಾನಾಗೇ ರೀಸ್ಟಾರ್ಟ್ ಆಗ್ತದೆ. ಡಿಫೆಕ್ಟಿವ್ ಪೀಸ್ ಬಂತಾ ಮಾರಾಯಾ?"

ನನ್ನ ಉತ್ತರವೂ ಹೆಚ್ಚುಕಡಿಮೆ ಒಂದೇ. ಹೆಚ್ಚಿನ ಸಲ ಕಾರ್ಡ್ ಸರಿಯಾಗಿಯೇ ಇರುತ್ತದೆ. ಅದಕ್ಕೆ ಬೇಕಾದಷ್ಟು ಕರೆಂಟ್ ಸಿಗುತ್ತಿಲ್ಲ, ಅಷ್ಟೇ. ಎಲ್ಲಿ ಕೊರತೆ ಅಂತ ಹುಡುಕುವುದನ್ನು ಕ್ಯಾಬಿನೆಟ್ ಒಳಗಿಂದಲ್ಲ, ಗೋಡೆಯ ಪ್ಲಗ್ಗಿನಿಂದ ಶುರು ಮಾಡಬೇಕು. ವಿಡಿಯೊಗಳಲ್ಲಿ ಎಲ್ಲರೂ ನೇರ ಪವರ್ ಸಪ್ಲೈಗೆ (ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಹಾಗೆ ಬದಲಿಸಿ ಕೊಡುವ, ಕ್ಯಾಬಿನೆಟ್ ಒಳಗಿನ ಡಬ್ಬಿ) ಕೈ ಹಾಕುತ್ತಾರೆ. ಅವರ ಮನೆಯ ಗೋಡೆಯಲ್ಲಿ ಸದಾ ಸರಿಯಾದ ವೋಲ್ಟೇಜ್ ಇರುತ್ತದೆ, ಮಧ್ಯೆ ಯುಪಿಎಸ್, ಇನ್ವರ್ಟರ್, ಸ್ಟೆಬಿಲೈಜರ್ ಅಂತ ಏನೂ ಇರುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕ, ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು. ಇಷ್ಟೆಲ್ಲ ಇರುವ ಜಿಲ್ಲೆಯಲ್ಲಿ ಒಂದು ಗಾಳಿಮಳೆಗೆ ಮರದ ಕೊಂಬೆ ಬಿದ್ದರೆ ಇಡೀ ರಾತ್ರಿ ಕತ್ತಲು. ಇರಲಿ, ಅದು ಬೇರೆ ಕಥೆ.

ಮೊದಲು ಪಿಸಿ ಹೇಗೆ ಸಾಯುತ್ತದೆ ಅಂತ ನೋಡಿ. ಗೇಮ್ ಮಾತ್ರ ಮುಚ್ಚಿ ಡೆಸ್ಕ್‌ಟಾಪ್ ಬಂತಾ? ಸ್ಕ್ರೀನ್ ಒಂದೆರಡು ಸೆಕೆಂಡ್ ಕಪ್ಪಾಗಿ ವಾಪಸ್ ಬಂತಾ? ಆಗ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಮೇಲೆ ಅನುಮಾನ ಪಡಬಹುದು. ನೀಲಿ ಪರದೆ ಬಂತಾ? ಅದರ ಕೋಡ್ ಬರೆದುಕೊಳ್ಳಿ. ವಿಂಡೋಸ್ ತಾನಾಗಿ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ಆನ್ ಇದ್ದರೆ ನೀಲಿ ಪರದೆ ಕಣ್ಣಿಗೆ ಬೀಳುವ ಮೊದಲೇ ಹೋಗಿಬಿಡುತ್ತದೆ, ಹಾಗಾಗಿ ಸಿಸ್ಟಂ ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟಪ್ ಆಂಡ್ ರಿಕವರಿ ತೆರೆದು ಆ ಟಿಕ್ ತೆಗೆಯಿರಿ. ಇದ್ಯಾವುದೂ ಇಲ್ಲದೆ, ಯಾರೋ ಪ್ಲಗ್ ಕಿತ್ತ ಹಾಗೆ ಹೋಗಿ ತಾನೇ ಎದ್ದು ಬಂದರೆ, ಅಥವಾ ಪೂರ್ತಿ ಆಫ್ ಆಗಿ ಹಿಂದಿನ ಸ್ವಿಚ್ ಒಮ್ಮೆ ಒತ್ತಿ ತೆಗೆಯುವ ತನಕ ಏಳದೇ ಇದ್ದರೆ, ಕರೆಂಟಿನ ಕಡೆ ತಿರುಗಿ.

ಇಲ್ಲೇ ಒಂದು ಮಾತು. ವಿಂಡೋಸ್ ತನ್ನ ದಿನಚರಿ ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಕರ್ನಲ್-ಪವರ್ 41 ಅಂತ ಕೆಂಪು ಗುರುತು ಕಂಡು ಹೆದರುವವರು ಜಾಸ್ತಿ. ಅದು ರೋಗದ ಹೆಸರಲ್ಲ. "ಹಿಂದಿನ ಸಲ ನನ್ನನ್ನು ಸರಿಯಾಗಿ ಶಟ್‌ಡೌನ್ ಮಾಡಲಿಲ್ಲ" ಅಂತ ವಿಂಡೋಸ್ ಎದ್ದ ಮೇಲೆ ಬರೆದುಕೊಳ್ಳುವ ದೂರು ಅಷ್ಟೇ. ಅದರ ಡೀಟೇಲ್ಸ್ ಒಳಗೆ ಬಗ್‌ಚೆಕ್‌ಕೋಡ್ ಅಂತ ಒಂದು ಸಾಲು ಇರುತ್ತದೆ. ಅದು ಸೊನ್ನೆ ಇದ್ದರೆ ವಿಂಡೋಸ್‌ಗೆ ತಾನು ಯಾಕೆ ಸತ್ತೆ ಅಂತ ಬರೆಯಲೂ ಪುರುಸೊತ್ತು ಸಿಗಲಿಲ್ಲ ಎಂದರ್ಥ. ಪವರ್ ಹೋದಾಗ ಆಗುವುದು ಸಾಮಾನ್ಯವಾಗಿ ಹೀಗೆಯೇ.

ಈಗ ಖರ್ಚಿಲ್ಲದ ಒಂದು ಪರೀಕ್ಷೆ. ನನಗೆ ಇದರ ಮೇಲೆಯೇ ನಂಬಿಕೆ ಜಾಸ್ತಿ. ಎಂಎಸ್‌ಐ ಆಫ್ಟರ್‌ಬರ್ನರ್ (ಕಾರ್ಡಿನ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ) ಹಾಕಿಕೊಂಡು ಪವರ್ ಲಿಮಿಟ್ ಅನ್ನು ಶೇಕಡಾ 70ಕ್ಕೆ ಇಳಿಸಿ, ಗೇಮಿನಲ್ಲಿ ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅಂತ) 60ಕ್ಕೆ ಕಟ್ಟಿಹಾಕಿ. ಎಎಂಡಿ ಕಾರ್ಡುಗಳಲ್ಲಿ ಈ ಲಿಮಿಟ್ ಅಷ್ಟು ಕೆಳಗೆ ಇಳಿಯದೇ ಇರಬಹುದು, ಆಗ ಫ್ರೇಮ್ ರೇಟನ್ನೇ ಇನ್ನೂ ಇಳಿಸಿ. ಮೊದಲು ರೀಸ್ಟಾರ್ಟ್ ಆಗುತ್ತಿದ್ದ ಅದೇ ಗೇಮನ್ನು ಅದೇ ಜಾಗದಲ್ಲಿ ಆಡಿ. ಈಗ ಏನೂ ಆಗದೆ ಸಂಜೆಯೆಲ್ಲ ಓಡಿತು ಅಂದರೆ ಉತ್ತರ ಹತ್ತಿರ ಹತ್ತಿರ ಸಿಕ್ಕಿತು: ಕಾರ್ಡ್ ಪೂರ್ತಿ ಎಳೆದಾಗ ಹಿಂದಿನ ಯಾವುದೋ ಒಂದು ಕೊಂಡಿ ತಡೆದುಕೊಳ್ಳುತ್ತಿಲ್ಲ. ಕೆಲವರಿಗೆ ಗೇಮಿನ ಮಧ್ಯೆ ಏನೂ ಆಗುವುದಿಲ್ಲ, ಮೆನು ಅಥವಾ ಲೋಡಿಂಗ್ ಸ್ಕ್ರೀನ್‌ನಲ್ಲೇ ರೀಸ್ಟಾರ್ಟ್ ಆಗುತ್ತದೆ. ಅದೂ ವಿಚಿತ್ರವೇನಲ್ಲ. ಮೆನುವಿನಲ್ಲಿ ಚಿತ್ರ ಹಗುರ, ಫ್ರೇಮ್‌ಗೆ ಮಿತಿ ಇಲ್ಲದಿದ್ದರೆ ಕಾರ್ಡ್ ಸೆಕೆಂಡಿಗೆ ನೂರಾರು ಫ್ರೇಮ್ ಉಗುಳುತ್ತಾ ಸುಮ್ನೆ ಪೂರ್ತಿ ಕರೆಂಟ್ ಎಳೆಯುತ್ತದೆ.

ಸರಿ, ಗೋಡೆಯಿಂದ ಶುರು ಮಾಡೋಣ. ನಮ್ಮ ಕಡೆ ಮೊದಲ ಕಳ್ಳ ಯುಪಿಎಸ್. ಕಂಪ್ಯೂಟರ್ ಜೊತೆ ಕೊಡುವ ಸಾಮಾನ್ಯ ಯುಪಿಎಸ್ ಮೇಲೆ 600 ವಿಎ (ವೋಲ್ಟ್-ಆಂಪಿಯರ್) ಅಂತ ಇರುತ್ತದೆ. ಎಲ್ಲರೂ ಅದನ್ನು 600 ವ್ಯಾಟ್ ಅಂದುಕೊಳ್ಳುತ್ತಾರೆ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ, ಸಾಮಾನ್ಯವಾಗಿ 360 ವ್ಯಾಟ್ ಅಂತ ಇರುತ್ತದೆ. ಲೆಕ್ಕ ಹಾಕೋಣ. ಹಳೆಯ ಜಿಟಿಎಕ್ಸ್ 1650 ಕಾರ್ಡಿಗೆ 75 ವ್ಯಾಟ್. ರೈಜೆನ್ 5 3600 ಪ್ರೊಸೆಸರ್ ಜೋರಾಗಿ ಓಡಿದರೆ 88. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿ ಒಂದು 50 ಅಂತಿಟ್ಟುಕೊಳ್ಳಿ. ಪವರ್ ಸಪ್ಲೈ ಒಳಗೆ ಬಿಸಿಯಾಗಿ ಹೋಗುವುದನ್ನೂ ಮಾನಿಟರನ್ನೂ ಸೇರಿಸಿದರೆ ಗೋಡೆಯಿಂದ 280ರ ಆಸುಪಾಸು. ಯುಪಿಎಸ್ ಆರಾಮಾಗಿ ತಡೆಯಿತು. ಈಗ 1650 ತೆಗೆದು ಆರ್‌ಟಿಎಕ್ಸ್ 3070 ಹಾಕಿದಿರಿ. ಅದೊಂದಕ್ಕೇ 220. ಒಟ್ಟು 450 ದಾಟಿತು. ಕರೆಂಟ್ ಇದ್ದಾಗ ಯುಪಿಎಸ್ ಕೀಂ ಕೀಂ ಅನ್ನುತ್ತಾ ಹೇಗೋ ಎಳೆಯುತ್ತದೆ. ವೋಲ್ಟೇಜ್ ಚೂರು ಕುಸಿದು ಬ್ಯಾಟರಿಗೆ ಹಾರಿದ ಕ್ಷಣ ಕೈಚೆಲ್ಲುತ್ತದೆ. ಬೈಗುಳ ಮಾತ್ರ ಕಾರ್ಡಿಗೆ.

ಪರೀಕ್ಷೆ ಸುಲಭ. ಗುಡುಗು ಮಿಂಚು ಇಲ್ಲದ ದಿನ ನೋಡಿ, ಯುಪಿಎಸ್ ಬಿಟ್ಟು ಪಿಸಿಯನ್ನು ನೇರ ಗೋಡೆಯ 16 ಆಂಪಿಯರ್ ಪಾಯಿಂಟಿಗೆ ಹಾಕಿ ಆಡಿ. ನೇರ ಹಾಕಿದಾಗ ಸರಿ ಹೋದರೆ ದೊಡ್ಡ ಯುಪಿಎಸ್ ತಗೊಳ್ಳಿ, ಅದೂ ವಿಎ ನೋಡಿ ಅಲ್ಲ, ವ್ಯಾಟ್ ನೋಡಿ.

ಮನೆಯ ಇನ್ವರ್ಟರಿನ ಮೇಲೆಯೇ ಪಿಸಿ ಓಡಿಸುವವರಿಗೆ ಇನ್ನೊಂದು. ಗೋಡೆಯಿಂದ ಬರುವ ಕರೆಂಟ್ ನಿಂತ ಮೇಲೂ ಪವರ್ ಸಪ್ಲೈ ತನ್ನ ಕೆಪಾಸಿಟರಿನಲ್ಲಿ ಉಳಿದಿದ್ದರಿಂದ ಸುಮಾರು 16-17 ಮಿಲಿಸೆಕೆಂಡ್ ತಡೆಯಬೇಕು ಎನ್ನುವುದು ಎಟಿಎಕ್ಸ್ (ಪಿಸಿ ಪವರ್ ಸಪ್ಲೈಗಳಿಗೆ ಇರುವ ನಿಯಮ) ಲೆಕ್ಕ. ಲೋಡ್ ಹಗುರ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು ತಡೆಯುತ್ತದೆ, ಭಾರ ಆದಷ್ಟೂ ಬೇಗ ಬರಿದಾಗುತ್ತದೆ. ಹಳೆ ಕಾರ್ಡ್ ಇದ್ದಾಗ ಇನ್ವರ್ಟರ್ ಬ್ಯಾಟರಿಗೆ ಬದಲಾಗುವಷ್ಟು ಹೊತ್ತು ಪಿಸಿ ಉಳಿಯುತ್ತಿತ್ತು, ಈಗ ಉಳಿಯುವುದಿಲ್ಲ. ಹಲವು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ಪಿಸಿ ಇದ್ದರೆ ಅದು ಯುಪಿಎಸ್ ಕಡೆಗೇ ಇರಬೇಕು, ಆಗ ಬೇಗ ಬದಲಾಗುತ್ತದೆ. ಟಿಕ್ ಟಿಕ್ ಅನ್ನುವ ರಿಲೇ ಸ್ಟೆಬಿಲೈಜರ್ ಮಧ್ಯೆ ಇದ್ದರೆ ಅದನ್ನೂ ಅನುಮಾನಿಸಿ. ಪ್ರತಿ ಟಿಕ್‌ಗೂ ಕರೆಂಟ್ ಒಂದು ಕ್ಷಣ ಕಡಿಯುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳ ಕಥೆ ಇನ್ನೂ ಬೇರೆ. ಟ್ರಾನ್ಸ್‌ಫಾರ್ಮರ್ ಎಲ್ಲೋ ಇರುತ್ತದೆ, ಮನೆ ಲೈನಿನ ಕೊನೆಗೆ. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬಿಡಲು ಪಂಪ್ ಶುರುವಾದಾಗ ಫ್ಯಾನ್ ನಿಧಾನ ಆಗುವುದನ್ನು ನೋಡಿರುತ್ತೀರಿ. ಪಿಸಿ ರೀಸ್ಟಾರ್ಟ್ ಆಗುವುದೂ ಅದೇ ಹೊತ್ತಿಗಾ? ಆಡುವಾಗ ಮನೆಯವರಲ್ಲಿ ಒಬ್ಬರಿಗೆ ಫ್ಯಾನ್ ಮೇಲೆ ಕಣ್ಣಿಡಲು ಹೇಳಿ. ಪವರ್ ಸಪ್ಲೈ ಸ್ಟಿಕ್ಕರಿನ ಮೇಲೆ ಎಸಿ ಇನ್‌ಪುಟ್ ಅಂತ ಒಂದು ಸಾಲು ಇದೆ. 100-240 ಅಂತ ಇದ್ದರೆ ವೋಲ್ಟೇಜ್ 180ಕ್ಕೆ ಬಂದರೂ ಅದು ನಡೆಸುತ್ತದೆ. 200-240 ಅಂತ ಇದ್ದರೆ ನಿಮ್ಮ ಮನೆಗೆ ಅದು ತಕ್ಕದ್ದಲ್ಲ.

ಸ್ಟಿಕ್ಕರ್ ಹತ್ತಿರ ಬಂದಾಯಿತು, ಪೂರ್ತಿ ಓದಿಬಿಡಿ. ಡಬ್ಬಿಯ ಮೇಲೆ 500 ವ್ಯಾಟ್ ಅಂತ ದಪ್ಪಕ್ಕೆ ಬರೆದಿರುತ್ತದೆ. ನಮಗೆ ಬೇಕಾದ್ದು +12 ವೋಲ್ಟ್ ಕಾಲಂ ಕೆಳಗಿನ ಆಂಪಿಯರ್. ಅಲ್ಲಿ 25 ಅಂತಿದ್ದರೆ 12ರಿಂದ ಗುಣಿಸಿ, 300 ವ್ಯಾಟ್ ಆಯಿತು. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎರಡೂ ಉಣ್ಣುವುದು ಈ 300ರಲ್ಲೇ. ಉಳಿದ ವ್ಯಾಟ್ 5 ವೋಲ್ಟ್, 3.3 ವೋಲ್ಟ್ ಲೆಕ್ಕದಲ್ಲಿ, ಕಾರ್ಡಿಗೆ ಅದರಿಂದ ಹೆಚ್ಚಿನ ಉಪಕಾರ ಇಲ್ಲ. ಒಳ್ಳೆಯ ಸಪ್ಲೈಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ವ್ಯಾಟ್ 12 ವೋಲ್ಟಿನಲ್ಲೇ ಸಿಗುತ್ತದೆ.

"ಕಾರ್ಡ್ 220 ವ್ಯಾಟ್ ಅಂತಾರೆ, ಎನ್‌ವಿಡಿಯಾ 650 ವ್ಯಾಟ್ ಸಪ್ಲೈ ಯಾಕೆ ಕೇಳ್ತದೆ?" ಅಂತ ವಾದ ಮಾಡುವವರಿದ್ದಾರೆ. 220 ಅನ್ನುವುದು ಸರಾಸರಿ. ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಕಾರ್ಡ್ ಅದಕ್ಕಿಂತ ಬಹಳ ಹೆಚ್ಚು ಎಳೆದು ಬಿಡುತ್ತದೆ. 2020ರಲ್ಲಿ ಆರ್‌ಟಿಎಕ್ಸ್ 3080, 3090 ಬಂದಾಗ ಈ ಜಿಗಿತಗಳೇ ದೊಡ್ಡ ಸುದ್ದಿ ಆಗಿದ್ದವು. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಸಪ್ಲೈ ತನ್ನ ಶಕ್ತಿಯ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತನಕ ತಡೆಯಬೇಕು ಅಂತ ಸೇರಿಸಿದರು. ಆ ಜಿಗಿತಕ್ಕೆ 12 ವೋಲ್ಟ್ ಕುಸಿದರೆ ಸಪ್ಲೈ ಮದರ್‌ಬೋರ್ಡಿಗೆ ಕೊಡುತ್ತಿರುವ "ಪವರ್ ಸರಿ ಇದೆ" ಎಂಬ ಸಿಗ್ನಲ್ ನಿಲ್ಲುತ್ತದೆ, ಬೋರ್ಡ್ ತಕ್ಷಣ ರೀಸೆಟ್ ಆಗುತ್ತದೆ.

ಕೇಬಲ್ ನೋಡಿ. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ಕೊಡುವುದು 75 ವ್ಯಾಟ್, 6 ಪಿನ್ ಕೊಡುವುದು 75, 8 ಪಿನ್ 150. ಎರಡು 8 ಪಿನ್ ಇರುವ ಕಾರ್ಡಿಗೆ ಒಂದೇ ವೈರಿನ ಎರಡು ತಲೆ ಸಿಕ್ಕಿಸಬೇಡಿ, ಸಪ್ಲೈಯಿಂದ ಎರಡು ಬೇರೆ ವೈರ್ ಎಳೆಯಿರಿ. ಎಷ್ಟೋ ಸಲ ಇಷ್ಟಕ್ಕೇ ರೋಗ ವಾಸಿಯಾಗುತ್ತದೆ. ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪ್ಲಗ್ಗಿನಿಂದ 8 ಪಿನ್ ಮಾಡಿಕೊಡುವ ಅಡಾಪ್ಟರ್ ಸಿಗುತ್ತದೆ, ಅದನ್ನು ಮನೆಯೊಳಗೂ ತರಬೇಡಿ. ಸಾಟಾ ಪ್ಲಗ್ ತಾಳುವುದು 54 ವ್ಯಾಟ್, ಅದರಿಂದ 150 ಕೇಳಿದರೆ ಪ್ಲಾಸ್ಟಿಕ್ ಕರಗುತ್ತದೆ. ಹಾಗೇ ಸ್ನೇಹಿತನ ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಸಪ್ಲೈ ಕೇಬಲ್ ನಿಮ್ಮದಕ್ಕೆ ಕೂತಿತು ಅಂತ ಹಾಕಬೇಡಿ. ಕಾರ್ಡಿನ ಕಡೆ ತುದಿ ಎಲ್ಲರದೂ ಒಂದೇ, ಸಪ್ಲೈ ಕಡೆಯ ತುದಿಯಲ್ಲಿ ಪಿನ್‌ಗಳ ಕ್ರಮ ಕಂಪನಿಗೊಂದು ತರಹ. ತಪ್ಪಿದರೆ ಸುಡುವುದು ಹೊಸ ಕಾರ್ಡೇ.

ಪವರ್ ಲಿಮಿಟ್ ಇಳಿಸಿದರೂ ರೀಸ್ಟಾರ್ಟ್ ನಿಲ್ಲದಿದ್ದರೆ ದಾರಿ ಬೇರೆ. ಕಾರವಾರ, ಅಂಕೋಲಾ, ಹೊನ್ನಾವರದವರು ಮೊದಲು ಕಾರ್ಡ್ ತೆಗೆದು ಸ್ಲಾಟ್ ನೋಡಿ. ಕಡಲ ಗಾಳಿಗೆ ಕ್ಯಾಬಿನೆಟ್ಟಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಒಳಗಿನ ಲೋಹವೂ ಅದೇ ಗಾಳಿ ಕುಡಿದಿದೆ ಅಲ್ವಾ? ಕಾರ್ಡಿನ ಬಂಗಾರದ ಬಣ್ಣದ ಅಂಚನ್ನೂ ರ‍್ಯಾಮಿನ ಅಂಚನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಕ್ಲಿಪ್ ಟಕ್ ಅನ್ನುವ ತನಕ ಕೂರಿಸಿ. ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಾ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು, ಅದರ ಬಿಸಿಗೇ ತೇವ ಆರುತ್ತದೆ. ಆಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗಕ್ಕೆ ಏರಿಸುವ ಸೆಟ್ಟಿಂಗ್) ಆಫ್ ಮಾಡಿ ನೋಡಿ. ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ತೆಗೆಯುವ ಪ್ರೋಗ್ರಾಂ) ಓಡಿಸಿ ಹಳೆ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ.

ಇಷ್ಟಾದರೂ ಆಗಲಿಲ್ಲ ಅಂದರೆ ಕಾರ್ಡನ್ನು ಅನುಮಾನಿಸುವ ಹಕ್ಕು ನಿಮಗಿದೆ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಆಗಿದ್ದರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೊ ಹಣ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿ ಮಾರಾಟಕ್ಕೆ ಬಂದವು. ಎಚ್‌ಡಬ್ಲ್ಯುಇನ್ಫೋ (ಬಿಸಿ ಎಷ್ಟು ಅಂತ ತೋರಿಸುವ ಪ್ರೋಗ್ರಾಂ) ತೆರೆದು ಹಾಟ್‌ಸ್ಪಾಟ್, ಅಂದರೆ ಚಿಪ್ಪಿನ ಅತಿ ಬಿಸಿ ಜಾಗದ ಬಿಸಿ ನೋಡಿ. ಮುಖ್ಯ ಬಿಸಿ 75 ಡಿಗ್ರಿ ಇದ್ದು ಹಾಟ್‌ಸ್ಪಾಟ್ 105 ದಾಟುತ್ತಿದ್ದರೆ ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸುವ ಒಳಗಿನ ಪೇಸ್ಟ್ ಒಣಗಿರಬಹುದು. ಬಿಸಿಯೂ ಸರಿಯಿದ್ದರೆ ಕಾರ್ಡನ್ನು ಒಳ್ಳೆಯ 650 ವ್ಯಾಟ್ ಸಪ್ಲೈ ಇರುವ ಸ್ನೇಹಿತನ ಪಿಸಿಗೆ ಹಾಕಿ, ಅವನ ಕೇಬಲ್ಲಿನಲ್ಲೇ, ಅವನ ಮನೆಯಲ್ಲೇ ಆಡಿ. ಅಲ್ಲೂ ರೀಸ್ಟಾರ್ಟ್ ಆದರೆ ವಿಡಿಯೊ ಮಾಡಿಟ್ಟುಕೊಂಡು, ಬಿಲ್ ಹುಡುಕಿ, ವಾರಂಟಿಗೆ ಕಳಿಸಿ.